ಅಪ್ಪನನ್ನು ಕೇಳಿದೆಯಾ

ಜೂನ್ 4

ತಮ್ಮಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇರುವುದು ಒಂದೇ ಕೋಣೆ, ನೀನು ಆಡುವ ಮಾತೆಲ್ಲ ಮಂಚದ ಮೇಲಿರುವ ಅಪ್ಪನ ಕಿವಿಗೆ ಬೀಳುತ್ತದೆ. ಅಲ್ಲದೆ ಫೋನು ಹಿಡಿದರೆ ನಾವಿಬ್ಬರೂ ಕಿತ್ತಾಡದೆ ಇಡುವುದಿಲ್ಲ. ಅದಕ್ಕೇ ಈ ಮೇಲ್. ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದು.

ನನ್ನ ಕೆಲಸ ಖಾಯಂ ಆಗುವುದು ಈ ವರ್ಷದ ಕೊನೆಗೆ ತೀರ್ಮಾನವಾಗುತ್ತದೆ. ಈ ಆಸ್ಪತ್ರೆಗೆ ಹೊಸದಾಗಿ ಸೇರಿದ ಸ್ಪೀಚ್ ಥೆರಪಿಸ್ಟುಗಳೆಲ್ಲ ಒಂದು ಬ್ಲಾಗ್ ಬರೆಯಬೇಕಂತೆ. ಕೆಲಸದಲ್ಲಿ ಎಲ್ಲಿ ಎಡವಿದೆ, ಅದರಿಂದ ಏನು ಕಲಿತೆ, ಮುಂದಿನ ಸಲ ಹೇಗೆ ಮಾಡುತ್ತೇನೆ, ಇದೆಲ್ಲ. ಜೊತೆಯವರು ಓದಿ ಪ್ರಶ್ನೆ ಕೇಳುತ್ತಾರೆ, ನಮ್ಮ ವಿಭಾಗದ ಮೇಡಂ ಕೂಡ. ಹೊಸದು ಕಟ್ಟುವ ಬದಲು ಕಾಲೇಜಿನಲ್ಲಿದ್ದಾಗ ನೀನು ಮಾಡಿಕೊಟ್ಟ ಸೈಟನ್ನೇ ಬದಲಾಯಿಸೋಣ ಅಂದುಕೊಂಡೆ. ಬರಹಗಳು ತಾರೀಖಿನ ಪ್ರಕಾರ ಬರಲಿ, ಕೆಳಗೆ ಓದಿದವರು ಬರೆಯಲು ಜಾಗವಿರಲಿ. ಟೈಂಟೇಬಲ್, ಸೆಮಿನಾರ್ ಚಿತ್ರಗಳು, ಹಾಸ್ಟೆಲ್ ಹುಡುಗಿಯರ ಫೋಟೋ, ಅಪ್ಪನ ಪುಟ, ಮೇಲೆ ಓಡುವ ಆ ಹಳದಿ ಅಕ್ಷರ, ಇವನ್ನೆಲ್ಲ ತೆಗೆದುಬಿಡು.

ಅವಸರವಿಲ್ಲ, ಆದರೆ ತೀರಾ ತಡವೂ ಬೇಡ. ಅಪ್ಪ ಹೇಗಿದ್ದಾರೆ?

ನಿನ್ನ
ಅಕ್ಕ

*

ಜೂನ್ 9

ಅಕ್ಕಾ,

ಭಾರೀ ಜಾಣೆ ನೀನು. ಫೋಟೋಗೂ ಹಳದಿ ಅಕ್ಷರಕ್ಕೂ ನಡುವೆ ಅಪ್ಪನ್ನ ತುರುಕಿದೀಯ. ನಾನು ಕಣ್ಣು ಮುಚ್ಕೊಂಡು ಎಲ್ಲ ಒಟ್ಟಿಗೆ ಗುಡಿಸಿ ಹಾಕ್ತೀನಿ ಅಂದ್ಕೊಂಡ್ಯಾ? ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು ನಿಜ. ಓದಕ್ಕೆ ಬರುತ್ತೆ ನಂಗೆ.

ಟೈಂಟೇಬಲ್ ತೆಗೆದೆ. ಸೆಮಿನಾರ್ ತೆಗೆದೆ. ಹಾಸ್ಟೆಲ್ ಹುಡುಗೀರನ್ನ ಬೇಜಾರಿಂದಾನೇ ತೆಗೆದೆ. ಹಳದಿ ಅಕ್ಷರ ಓಡ್ಸೋದನ್ನ ಕಲಿಯೋಕೆ ನಂಗೆ ಎರಡು ಭಾನುವಾರ ಹಿಡಿದಿತ್ತು, ಅದನ್ನೂ ತೆಗೆದೆ. ಅಪ್ಪನ ಪುಟ ಮುಟ್ಟಲ್ಲ. ಏನ್ ಮಾಡ್ತೀಯೋ ಮಾಡ್ಕೋ.

ನೆನಪಿದೆಯಾ, ಇಲ್ಲಾ ಅದನ್ನೂ ಆಸ್ಪತ್ರೆಯವರು ಅಳಿಸಿದ್ರಾ? ಇಡೀ ತರಕಾರಿ ಮಾರ್ಕೆಟ್ಟಿಗೆ ಕೇಳೋ ಹಂಗೆ ಹರಾಜು ಕೂಗ್ತಿದ್ದ ಮನುಷ್ಯ. ಲಕ್ವ ಹೊಡೆದು ಬಿದ್ರು, ಎದ್ದಾಗ ಬಲಗೈ ಹೋಗಿತ್ತು, ಬಾಯಲ್ಲಿ ಒಂದೇ ಒಂದು ಪದ ಉಳಿದಿತ್ತು. ನೀನು ಹಾಸ್ಟೆಲಿಂದ ಚಿತ್ರ ಕಳಿಸ್ತಿದ್ದೆ. ನಾನು ಪ್ರತಿ ವಾರ ಚಿತ್ರ ತೋರಿಸಿ, ಅವರ ಬಾಯಿಗೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡ್ತಿದ್ದೆ. ಚಮಚ ತೋರಿಸಿದ್ರೆ ಚಮಚ. ಛತ್ರಿ ತೋರಿಸಿದ್ರೂ ಚಮಚ. ನನ್ನ ಮುಖ ತೋರಿಸಿದ್ರೂ ಚಮಚ. ಆಮೇಲಾಮೇಲೆ ಕೀಲಿ ಬಂತು, ಕುರ್ಚಿ ಬಂತು. ಅದನ್ನೆಲ್ಲ ಸಾಲಾಗಿ ಹಾಕಿ ಪುಟ ಮಾಡ್ಕೊಟ್ಟೆ. ನಿಮ್ಮ ಕಾಲೇಜಲ್ಲಿ ಅದಕ್ಕೇ ನಿಂಗೆ ಎಲ್ಲರಿಗಿಂತ ಜಾಸ್ತಿ ಮಾರ್ಕ್ಸ್ ಬಂತು. ಈಗ ಸರ್ಟಿಫಿಕೇಟ್ ಸಿಕ್ತಲ್ಲ, ಅಪ್ಪ ಕಸ.

ಇಲ್ಲಿ ಹಂಗಲ್ಲ. ಅಂಗಡಿಗೆ ಮಾರ್ಕೆಟ್ಟೋರು ಯಾರೇ ಬರ್ಲಿ, ನಾನು ಆ ಪುಟ ತೆಗೆದು ಕೇಳಿಸ್ತೀನಿ. ನೋಡ್ರಿ, ನಮ್ಮಪ್ಪ ಎಲ್ಲಿಂದ ಎಲ್ಲಿಗೆ ಬಂದ್ರು ಅಂತ. ಎಲ್ಲರಿಗೂ ಬಾಯಿಪಾಠ ಆಗಿದೆ. ಹೋದ ತಿಂಗಳು ತಕ್ಕಡಿ ಮಾಮ ಮನೆಗೆ ಬಂದಿದ್ರು. ಅದೇ, ಅಪ್ಪ ಕೂಗಿದ ಮೂಟೆ ತೂಗ್ತಿದ್ರಲ್ಲ, ಅವರು. ಬಾಗಿಲಲ್ಲೇ ನಿಂತು "ಏನಯ್ಯಾ ಚಮಚ, ಹೇಗಿದೀಯಾ?" ಅಂದ್ರು. ಮಾಮ, ನಾನು ಇಬ್ರೂ ಹೊಟ್ಟೆ ಹಿಡ್ಕೊಂಡು ನಕ್ವಿ. ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ರು, ಸುಸ್ತಾಗಿತ್ತು ಅನ್ಸುತ್ತೆ. ಕಾಲೂ ಇನ್ನೂ ಗಟ್ಟಿ ಆಗಿಲ್ಲ. ಕೆಳಗೆ ಬೀದಿಗೆ ಹೋಗೋಣ ಬನ್ನಿ ಅಂದ್ರೆ ಏಳೋದೇ ಇಲ್ಲ.

ಅಪ್ಪ ಚೆನ್ನಾಗಿದ್ದಾರೆ.

ನಿನ್ನ ಸಂಬಳ ಇಲ್ಲದ ಆಳು,
ತಮ್ಮ

*

ಜೂನ್ 20

ತಮ್ಮಾ,

ಬೈದದ್ದಾಯಿತಲ್ಲ, ಈಗ ಕೇಳು. ಅಪ್ಪನನ್ನು ಕಸ ಅಂತ ನಾನು ಎಲ್ಲೂ ಅಂದಿಲ್ಲ. ಸಾಲಿನ ನಡುವೆ ತುರುಕಿದ್ದು ಮಾತ್ರ ನಿಜ. ಅದನ್ನೊಂದನ್ನೇ ಬೇರೆ ಸಾಲಿನಲ್ಲಿ ಬರೆಯಲು ಕೈ ಬರಲಿಲ್ಲ.

ನಡೆದದ್ದು ಇಷ್ಟು. ಸೈಟನ್ನು ಮೇಡಂಗೆ ತೋರಿಸಿದೆ. ಅವರು ಉಳಿದದ್ದೇನನ್ನೂ ನೋಡಲಿಲ್ಲ. ಅಪ್ಪನ ದನಿ ಕೇಳಿ, "ಇವರ ಒಪ್ಪಿಗೆ ತಗೊಂಡಿದೀಯಾ?" ಅಂದರು. ತಗೊಂಡಿದ್ದೇನೆ, ನಮ್ಮ ತಂದೆಯೇ ಅಂದೆ. "ತಂದೆ ಆದ್ರೆ? ಹೇಗೆ ಕೇಳಿದೆ? ಏನು ಹೇಳಿದ್ರು?" ಅಂದರು. ಮತ್ತೊಮ್ಮೆ ಕೇಳುತ್ತೇನೆ ಅಂದೆ. ಪಾಠದ ಹೊತ್ತಿನಲ್ಲಿ ಮನೆಯವರ ದನಿಯನ್ನು ಹಾಕಲು ಕಾಲೇಜಿನವರು ಬಿಟ್ಟಿರಬಹುದು, ಇಲ್ಲಿ ಬಿಡುವುದಿಲ್ಲ. ಕಾಯಿಲೆಯವರು ಯಾರೇ ಆಗಲಿ, ಅವರು ತಿಳಿದು ಒಪ್ಪಿದರೆ ಮಾತ್ರ ಇರಬೇಕು. ಇಲ್ಲದಿದ್ದರೆ ನನ್ನ ಕೆಲಸಕ್ಕೇ ಕುತ್ತು.

ಅಂದರೆ ಅಪ್ಪ ಒಪ್ಪಿದರೆ ಪುಟ ಇರಬಹುದು. ನೀನೇ ಹತ್ತಿರ ಇರುವವನು. ಸಮಾಧಾನವಾಗಿ ಕೂತು ಒಮ್ಮೆ ಕೇಳುತ್ತೀಯಾ?

ಅಕ್ಕ

*

ಜೂನ್ 25

ಅಕ್ಕಾ,

ಕೇಳಿದೆ. ಊಟ ಆದ್ಮೇಲೆ ಎದುರಿಗೆ ಕೂತು, "ಅಪ್ಪಾ, ನಿಮ್ಮ ದನಿ ಸೈಟಲ್ಲಿ ಇರ್ಲಾ?" ಅಂದೆ. "ಹೂಂ" ಅಂದ್ರು. ಎಷ್ಟು ಗಟ್ಟಿಯಾಗಿ ಅಂದ್ರೆ, ಪಕ್ಕದ ಮನೆಯೋಳು ಏನಾಯ್ತು ಅಂತ ಇಣುಕಿದಳು. ಮುಗೀತಲ್ಲ. ನಿಮ್ಮ ಮೇಡಂಗೆ ಹೇಳು, ಮಗ ಕೇಳ್ದ, ಅಪ್ಪ ಹೂಂ ಅಂದ.

ಹೇಗೆ ಕೇಳಿದೆ ಅಂತ ಕೇಳೋಕೆ ಅವಳ್ಯಾರು? ಅಪ್ಪನ ಹಲ್ಲು ಉಜ್ಜಿಸೋನು ನಾನು, ಲುಂಗಿ ಕಟ್ಟೋನು ನಾನು. ಅವರ ಹೂಂ ನಂಗೆ ಗೊತ್ತು.

ಬ್ಲಾಗ್ ತಯಾರಾಗಿದೆ. ತಾರೀಖು ಬರುತ್ತೆ, ಕೆಳಗೆ ಬರೆಯೋ ಜಾಗಾನೂ ಇದೆ. ನಿನ್ನ ಬರಹ ಒಂದೂ ಇಲ್ಲ. ಎಡವಿದ್ದು ಬರೀಬೇಕು ಅಂದ್ಯಲ್ಲ, ಎಡವೇ ಇಲ್ವಾ ಇನ್ನೂ? ನಾನು ಬರ್ಕೊಡ್ಲಾ? ಅಪ್ಪ ಬಿದ್ದ ವರ್ಷ ಅಕ್ಕ ಹಾಸ್ಟೆಲಿಗೆ ವಾಪಸ್ ಹೋದಳು, ತಮ್ಮ ಸ್ಕೂಲಿಗೆ ವಾಪಸ್ ಹೋಗ್ಲಿಲ್ಲ. ಅದರಿಂದ ಏನು ಕಲಿತೆ, ನೀನೇ ತುಂಬ್ಕೋ.

ಅಪ್ಪ ಚೆನ್ನಾಗಿದ್ದಾರೆ.

ತಮ್ಮ

*

ಜುಲೈ 2

ತಮ್ಮಾ,

ನೀನು ಕೊನೆಗೆ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಅದನ್ನು ಪಕ್ಕಕ್ಕಿಟ್ಟು ಮಾತಾಡುತ್ತಿದ್ದೇನೆ ಅಂತ ತಿಳಿಯಬೇಡ. ಅದು ಪಕ್ಕಕ್ಕೆ ಹೋಗುವುದಿಲ್ಲ.

ಒಂದು ಕೆಲಸ ಮಾಡು. ಅಪ್ಪ ಹೂಂ ಅನ್ನಲಾರದಂಥ ಪ್ರಶ್ನೆಯೊಂದನ್ನು ಕೇಳು. ಏನಾದರೂ ಸರಿ, ಹುಚ್ಚುಚ್ಚಾದದ್ದು. ಆಮೇಲೆ ನನಗೆ ಬರೆ.

ಮಾತು ಹೋದವರಲ್ಲಿ ಕೆಲವರಿಗೆ ಹೂಂ, ಉಹುಂ ಎರಡೂ ಒಂದೇ ಬಾಗಿಲಿಂದ ಹೊರಗೆ ಬರುತ್ತವೆ. ಮನಸ್ಸಿನಲ್ಲಿ ಬೇಡ ಅಂತಿದ್ದರೂ ಬಾಯಿ ಹೂಂ ಅನ್ನುತ್ತದೆ. ಬುದ್ಧಿಗೆ ಏನೂ ಆಗಿರುವುದಿಲ್ಲ. ಅಂಥವರ ಬಾಯನ್ನು ಕೇಳಬಾರದು, ಕೈಯನ್ನು ಕೇಳಬೇಕು. ಎರಡು ಚಿತ್ರ ಮುಂದಿಟ್ಟು ಯಾವುದು ಅಂತ ತೋರಿಸಲು ಹೇಳು. ಮೊದಲು ಸಣ್ಣ ಸಣ್ಣ ವಿಷಯ, ಆಮೇಲೆ ದೊಡ್ಡದು. ಎಡಕ್ಕಿದ್ದದ್ದನ್ನು ಬಲಕ್ಕಿಟ್ಟು ಇನ್ನೊಮ್ಮೆ ಕೇಳು. ಮಾರನೇ ದಿನ ಮತ್ತೆ ಕೇಳು. ಉತ್ತರ ಬದಲಾಗದಿದ್ದರೆ ಅದು ಅವರದು.

ಕೋಪ ನನ್ನ ಮೇಲಿರಲಿ. ಕೇಳುವಾಗ ಮಾತ್ರ ಬೇಡ.

ಅಕ್ಕ

*

ಜುಲೈ 7

ಅಕ್ಕಾ,

ಕೇಳಿದೆ. "ಅಪ್ಪಾ, ನೀವು ಹೆಂಗಸಾ?" ಹೂಂ. "ನಾನು ಕತ್ತೆನಾ?" ಹೂಂ. ಅದಕ್ಕೆ ನಕ್ಕೆ, ಅದು ನಿಜಾನೇ ಇರ್ಬೋದು ಅಂತ. ಆಮೇಲೆ, "ನಿಮ್ಮನ್ನ ಎತ್ತಿ ಬೀದಿಗೆ ಹಾಕ್ಲಾ?" ಅಂದೆ. ಹೂಂ ಅಂದ್ರು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ಮಾತ್ರ ಹೂಂ ಅಂತು. ಯಾಕಾದ್ರೂ ಕೇಳಿದ್ನೋ.

ಊಟ ಸಾಕಾ? ಹೂಂ. ಫ್ಯಾನ್ ಹಾಕ್ಲಾ? ಹೂಂ. ನೋವಿದೆಯಾ? ಹೂಂ. ನೋವಿಲ್ವಾ? ಹೂಂ. ಅವರು ಬಿದ್ದಾಗಿಂದ ಈ ಕೋಣೇಲಿ ನಾವಿಬ್ರೂ ಮಾತಾಡ್ತಿದೀವಿ ಅಂದ್ಕೊಂಡಿದ್ದೆ. ಅಂಗಡೀಲಿ ಯಾರ ಹತ್ರಾನೂ ನನ್ನ ವಿಷಯ ಜಾಸ್ತಿ ಮಾತಾಡಲ್ಲ, ಮನೇಲಿ ಅಪ್ಪ ಇದಾರಲ್ಲ ಅಂತ. ದಿನಾ ಬಂದು ಎಲ್ಲ ಹೇಳ್ತಿದ್ದೆ. ಮಾಲೀಕ ಬೈದದ್ದು, ನಂಗೆ ಒಬ್ಬಳು ಇಷ್ಟ ಆಗಿದ್ದು, ಅವಳಿಗೆ ನಾನು ಇಷ್ಟ ಆಗ್ದೇ ಇದ್ದದ್ದು. ಹೂಂ, ಹೂಂ ಅಂತಿದ್ರು. ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಳ್ತಾರೆ ಅನ್ಕೊಂಡಿದ್ದೆ.

ನಂಗೆ ಬರೀಬೇಡ ಸ್ವಲ್ಪ ದಿನ.

ಅಪ್ಪ ಚೆನ್ನಾಗಿದ್ದಾರೆ.

ತಮ್ಮ

*

ಜುಲೈ 30

ತಮ್ಮಾ,

ಬರೆಯಬೇಡ ಅಂದೆ, ಇಷ್ಟು ದಿನ ಬರೆಯಲಿಲ್ಲ. ಇಲ್ಲಿ ದಿನವಿಡೀ ಜನರ ಬಾಯಿಂದ ಮಾತು ಹೊರಡಿಸಿ ರೂಮಿಗೆ ಬಂದರೆ, ನನ್ನ ಜೊತೆ ಮಾತಾಡುವುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ.

ಪುಟದ ವಿಷಯ ಬಿಡು. ಇಬ್ಬರೂ ಹೇಗಿದ್ದೀರಿ, ಒಂದು ಸಾಲು ಸಾಕು. ಬೈದಾದರೂ ಬರೆ.

ಅಕ್ಕ

*

ಆಗಸ್ಟ್ 12

ಅಕ್ಕಾ,

ಬೈಯಕ್ಕೆ ಏನೂ ಉಳಿದಿಲ್ಲ.

ನೀನು ಹೇಳಿದ ಹಾಗೇ ಮಾಡಿದೆ. ಅಂಗಡೀಲಿ ದಪ್ಪ ಕಾಗದದ ಮೇಲೆ ಚಿತ್ರ ಪ್ರಿಂಟ್ ಮಾಡ್ಕೊಂಡು ಬಂದೆ. ಮೊದಲು ಸಣ್ಣ ವಿಷಯ. ಫ್ಯಾನ್ ಓಡ್ತಿರೋದು, ಫ್ಯಾನ್ ನಿಂತಿರೋದು. ಎಡಗೈಲಿ ನಿಂತಿರೋದನ್ನ ತೋರಿಸಿದ್ರು. ಸಕ್ಕರೆ ಡಬ್ಬಿ ಇರೋ ಟೀ, ಡಬ್ಬಿ ಇಲ್ಲದ ಟೀ. ಇಲ್ಲದ್ದು ಬೇಕಂತೆ. ಇಷ್ಟು ವರ್ಷ ಎರಡೆರಡು ಚಮಚ ಹಾಕಿ ಕುಡಿಸಿದೀನಿ. ಮಂಚ ಕಿಟಕಿ ಹತ್ರ, ಮಂಚ ಗೋಡೆ ಹತ್ರ. ಕಿಟಕಿ. ಆವತ್ತೇ ಎಳೆದು ಹಾಕಿದೆ. ಒಂದು ವಾರ ಬರೀ ಇದೇ. ತಪ್ಪು ಕಾರ್ಡ್ ಎತ್ತಿದ್ರೆ ತಾವೇ ತಲೆ ಚಚ್ಕೊಂಡು ಇನ್ನೊಂದು ಎತ್ತೋರು. ಇಷ್ಟು ಹಟಮಾರಿ ಅಂತ ಮರೆತೇ ಹೋಗಿತ್ತು ನಂಗೆ.

ಆಮೇಲೆ ದೊಡ್ಡದು ಕೇಳಿದೆ. ಒಂದರಲ್ಲಿ ಆ ಪುಟ, ಅವರ ಫೋಟೋ, ಪಕ್ಕದಲ್ಲಿ ಕಿವಿಗೊಟ್ಟು ಕೇಳ್ತಿರೋ ಜನ. ಇನ್ನೊಂದರಲ್ಲಿ ಅದೇ ಪುಟ, ಮೇಲೆ ಬೀಗ. ಬೀಗ ತೋರಿಸಿದ್ರು. ಬಲಕ್ಕೆ ಇದ್ದಿದ್ದನ್ನ ಎಡಕ್ಕಿಟ್ಟೆ. ಬೀಗ. ಮಾರನೇ ದಿನ ಕೇಳಿದೆ. ಬೀಗ. ನಂಗೆ ರೇಗ್ತು. "ಯಾಕೆ?" ಅಂತ ಕೂಗಾಡ್ದೆ. ಯಾಕೆ ಅಂತ ಹೇಳಕ್ಕೆ ಬರೋ ಹಾಗಿದ್ರೆ ಈ ಕಾರ್ಡ್ ಯಾಕೆ ಬೇಕಿತ್ತು, ದಡ್ಡ ನಾನು.

ನೀವು ಎಷ್ಟು ಸುಧಾರಿಸಿದೀರ ಕೇಳಿ ಅಂತ ಫೋನಲ್ಲಿ ಮೊದಲನೇ ರೆಕಾರ್ಡಿಂಗ್ ಹಾಕಿದೆ. ಚಮಚ, ಚಮಚ ಅಂತ ಶುರುವಾಯ್ತು. ಅಪ್ಪ ಎಡಗೈ ಚಾಚಿ ಫೋನಿನ ಮೇಲಿಟ್ರು. ಅದು ಮುಗಿಯೋ ತನಕ ಎತ್ತಲಿಲ್ಲ. ಕೈ ಕೆಳಗಿಂದ ಸಣ್ಣಗೆ ಬರ್ತಾನೇ ಇತ್ತು, ಚಮಚ, ಚಮಚ.

ಆವಾಗ ತಕ್ಕಡಿ ಮಾಮ ಬಂದಿದ್ದು ನೆನಪಾಯ್ತು. ಅಪ್ಪ ಗೋಡೆ ಕಡೆ ತಿರುಗಿದ್ರಲ್ಲ. ಸುಸ್ತಾಗಿರಲಿಲ್ಲ ಅಕ್ಕ ಅವರಿಗೆ. ಕಾಲಿಗೂ ಏನಾಗಿಲ್ಲ. ಮಂಚ ಗೋಡೆ ಹತ್ರ ಇದ್ದಾಗ್ಲೂ ಕಿಟಕಿ ತನಕ ಒಬ್ಬರೇ ನಡೀತಿದ್ರಂತೆ, ನಾನು ಕೆಳಗೆ ಹೋದಾಗ, ಪಕ್ಕದ ಮನೆಯೋಳು ಹೇಳಿದಳು. ಬೀದಿಗೆ ಇಳಿದ್ರೆ ಅಲ್ಲಿ ಯಾರಿಗೆ ಕೇಳ್ಸಿಲ್ಲ ಹೇಳು, ಆ ಚಮಚ. ನಾನೇ ಕೇಳ್ಸಿದ್ದು. ಮಾರ್ಕೆಟ್ ಪೂರ್ತಿ ಅವರ ದನಿಗೆ ಕೈ ಎತ್ತುತ್ತಿತ್ತು, ಈಗ ನಗುತ್ತೆ. ಹಾಗೆ ನಗಿಸ್ದವನು ಮಗ.

ಪುಟ ತೆಗೆದೆ. ಫೋನಲ್ಲಿದ್ದದ್ದನ್ನ ಅವರಿಗೆ ತೋರಿಸ್ತಾ ತೋರಿಸ್ತಾ ಅಳಿಸಿದೆ. ನಿನ್ನ ಹತ್ರ ಇರೋದನ್ನೂ ಅಳಿಸು.

ಅಪ್ಪ ಚೆನ್ನಾಗಿದ್ದಾರೆ.

ತಮ್ಮ

*

ಆಗಸ್ಟ್ 23

ತಮ್ಮಾ,

ಅಳಿಸಿದೆ. ಅಳಿಸುವ ಮುಂಚೆ ಒಮ್ಮೆ ಕೇಳಿಬಿಡೋಣ ಅನ್ನಿಸಿತು. ಕೇಳಲಿಲ್ಲ. ನಿನಗೆ ಹೇಳಿರಲಿಲ್ಲ, ಇಲ್ಲಿ ಬಂದ ಹೊಸದರಲ್ಲಿ ಆ ಪುಟ ಹಚ್ಚಿಕೊಂಡೇ ನಾನು ಊಟಕ್ಕೆ ಕೂರುತ್ತಿದ್ದೆ. ಕೋಣೆಯಲ್ಲಿ ಮನೆಯವರೊಬ್ಬರು ಇದ್ದ ಹಾಗಿರುತ್ತಿತ್ತು. ನೀನು ಹಿಂದುಗಡೆ "ಅಪ್ಪಾ, ಇದೇನು ಹೇಳಿ" ಅನ್ನುವುದೂ ಇತ್ತಲ್ಲ. ಅದೂ ಹೋಯಿತು.

ಎಲ್ಲವನ್ನೂ ನಿನ್ನ ತಲೆಯ ಮೇಲೇ ಹೊತ್ತುಕೊಳ್ಳಬೇಡ. ಬ್ಲಾಗಿನ ಮೊದಲ ಬರಹ ಕೆಳಗಿದೆ. ಅದು ಅಪ್ಪನ ವಿಷಯವೇ ಆದ್ದರಿಂದ ಮೊದಲು ಅವರ ಮುಂದೆ ಓದು. ಕಾರ್ಡ್ ಇಟ್ಟು ಕೇಳು. ಬೇಡ ಅಂದರೆ ಇದೂ ಬೇಡ. ಮೇಡಂಗೆ ಬೇರೆ ಏನಾದರೂ ಬರೆದುಕೊಡುತ್ತೇನೆ.

"ವಿದ್ಯಾರ್ಥಿನಿಯಾಗಿದ್ದಾಗ ಮಾತು ಕಳೆದುಕೊಂಡ ಒಬ್ಬ ರೋಗಿಯ ದನಿಯನ್ನು ನನ್ನ ಸೈಟಿನಲ್ಲಿ ಹಾಕಿದ್ದೆ. ಹಾಕಲೇ ಎಂದು ಕೇಳಿದ್ದಕ್ಕೆ ಅವರು ಹೂಂ ಅಂದಿದ್ದರು, ಒಪ್ಪಿದ್ದಾರೆ ಎಂದು ಬರೆದುಕೊಂಡಿದ್ದೆ. ಅವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಹೂಂ ಅಂದದ್ದು ಒಪ್ಪಿಗೆಯಲ್ಲ ಎಂದು ಅವರ ಮಾತನ್ನು ಪರೀಕ್ಷಿಸಿದ ಟಿಪ್ಪಣಿಯಲ್ಲಿ ನಾನೇ ಬರೆದಿದ್ದೆ. ಎರಡೂ ಒಂದೇ ದಿನ ಬರೆದದ್ದು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಲಿಲ್ಲ. ಅವರು ನನ್ನ ಮನೆಯವರು. ಮನೆಯವರನ್ನು ಸರಿಯಾಗಿ ಕೇಳಬೇಕು ಅಂತ ನಮಗೆ ಅನ್ನಿಸುವುದೇ ಇಲ್ಲ. ಈಗ ಅವರನ್ನು ಕೇಳಲಾಗಿದೆ. ಬೇಡ ಅಂದರು. ಪುಟ ತೆಗೆಯಲಾಗಿದೆ. ಕೇಳಿದ್ದು ನಾನಲ್ಲ, ಅವರ ಜೊತೆ ಇರುವವನು. ಎಷ್ಟು ದಿನ ಹಿಡಿದರೂ ಮೊದಲು ಹೇಗೆ ಕೇಳಬೇಕು ಎಂದು ಹುಡುಕಿ, ಆಮೇಲೆ ಉಳಿದದ್ದು. ಇನ್ನು ಮುಂದೆ ನಾನು ಹೀಗೆ ಕೆಲಸ ಮಾಡುತ್ತೇನೆ."

ಇನ್ನೊಂದು. ನಾವಿಬ್ಬರೂ ಅಪ್ಪನ ವಿಷಯವನ್ನು ಅಪ್ಪನಿಗೆ ಕೇಳಿಸದಂತೆ ಬರೆಯುತ್ತಾ ಬಂದೆವು. ನಾನೇ ಶುರು ಮಾಡಿದ್ದು. ಇನ್ನು ಮೇಲೆ ನೀನು ನನಗೆ ಬರೆದದ್ದನ್ನೂ ಅವರ ಮುಂದೆ ಓದಿ ಕಳಿಸು.

ಅಕ್ಕ

*

ಸೆಪ್ಟೆಂಬರ್ 3

ಅಕ್ಕಾ,

ಓದಿದೆ. ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿ, ಕಿಟಕಿ ಹತ್ರ ಕೂತು, ಬೆರಳಿಟ್ಟು ಸಾಲು ಸಾಲಾಗಿ ಓದಿದೆ. ಅಪ್ಪ ಒಂದ್ಸಲಾನೂ ಹೂಂ ಅನ್ನಲಿಲ್ಲ. ಕಣ್ಣು ನನ್ನ ಬೆರಳಿನ ಹಿಂದೇನೇ ಹೋಗ್ತಿತ್ತು.

ಮುಗಿದ ಮೇಲೆ ಕಾರ್ಡ್ ಇಟ್ಟೆ. ಹಾಕು, ಹಾಕ್ಬೇಡ. ಎರಡೂ ಬಿಟ್ಟು ಕಾಗದ ಎಳ್ಕೊಂಡು ಒಂದು ಕಡೆ ಬೆರಳಿಟ್ರು. 'ಒಬ್ಬ ರೋಗಿಯ' ಅಂತ ಇತ್ತಲ್ಲ, ಅಲ್ಲಿ. ಬೇರೆ ಬರೀಬೇಕಾ ಅಂತ ಕಾರ್ಡಲ್ಲಿ ಕೇಳಿದೆ. ಹೌದಂತೆ. 'ಅಪ್ಪ' ಅಂತ ಬರೆದಿಟ್ಟೆ, ತಳ್ಳಿದ್ರು. 'ಮುದುಕ' ಅಂತ ಬರೆದೆ, ತಮಾಷೆಗೆ. ಅದನ್ನ ಮುದುರಿ ನನ್ನ ಮುಖಕ್ಕೆ ಎಸೆದ್ರು. 'ಹರಾಜು ಕೂಗುವವರು' ಅಂತ ಬರೆದೆ. ಎತ್ತಿ ಎದೆ ಹತ್ರ ಇಟ್ಕೊಂಡ್ರು. ಹಾಗಂದ್ರೆ ಗುರ್ತು ಸಿಗುತ್ತೆ ಅಪ್ಪಾ ಅಂದೆ, ಅವತ್ತೂ ಮಾರನೇ ದಿನಾನೂ ಕೇಳಿದೆ. ಅದೇ ಎತ್ತಿದ್ರು. ಆಮೇಲೇ 'ಹಾಕು' ತೋರಿಸಿದ್ದು. ಹಾಕಿದೀನಿ. ನಿಮ್ಮ ಮೇಡಂ ಏನಾದ್ರೂ ಅಂದ್ರೆ ನನ್ನ ಹತ್ರ ಕಳ್ಸು, ಹೇಗೆ ಕೇಳಿದೆ ಅಂತ ಹೇಳ್ತೀನಿ.

ಕೆಳಗೆ ಆಗ್ಲೇ ಒಬ್ಬರು ಪ್ರಶ್ನೆ ಹಾಕಿದಾರೆ. ಜೊತೆ ಇರುವವನು ಅಂದಿದೀರಲ್ಲ, ಆತನನ್ನು ಯಾರಾದರೂ ಕೇಳಿದ್ದಾರಾ, ಅಂತ. ಅದಕ್ಕೆ ನೀನೇ ಉತ್ತರ ಕೊಡು. ನಾನು ಕೊಡಲ್ಲ.

ತಕ್ಕಡಿ ಮಾಮನ ಹತ್ರ ಹೋಗಿ ಹೇಳಿದೆ, ಇನ್ಮೇಲೆ ಆ ಹೆಸರಲ್ಲಿ ಕರೀಬೇಡಿ ಅಂತ. ತಕ್ಕಡಿ ಸರಿಮಾಡ್ತಾ ಕೂತಿದ್ರು, ತಲೆ ಎತ್ತಲಿಲ್ಲ. "ನೀನೇ ಅಲ್ವೇನೋ ಕೇಳಿಸಿದ್ದು" ಅಂದ್ರು. ಹೌದು ಅಂದೆ. ಇನ್ನೂ ಮನೆ ಕಡೆ ಬಂದಿಲ್ಲ.

ಅಪ್ಪ ಚೆನ್ನಾಗಿದ್ದಾರೆ.

ತಮ್ಮ

ಮೇಲಿಂದು ಅಂಗಡೀಲಿ ಪ್ರಿಂಟ್ ಹಾಕಿ ತಂದದ್ದು, ಇಲ್ಲಿಂದ ಪೆನ್ನಲ್ಲಿ ಬರೀತಿದೀನಿ, ನಾಳೆ ಅಂಗಡೀಲಿ ಸ್ಕ್ಯಾನ್ ಮಾಡಿ ಕಳಿಸ್ತೀನಿ. ನೀನು ಹೇಳಿದ ಹಾಗೆ ಇದನ್ನೂ ಅವರ ಮುಂದೆ ಓದಿದೆ. ಕೊನೇ ಸಾಲಿಗೆ ಬಂದಾಗ ಅದರ ಮೇಲೆ ಕೈ ಇಟ್ರು. ಫೋನಿನ ಮೇಲೆ ಇಟ್ಟ ಹಾಗೇ. ತೆಗೀಲಾ ಅಂತ ಕಾರ್ಡಲ್ಲಿ ಕೇಳಿದೆ. ತೆಗಿ ಅಂತ ತೋರಿಸಿದ್ರು. ನಿಂಗೆ ಬರೆದಾಗೆಲ್ಲ ಇದನ್ನ ಬರ್ದಿದೀನಿ, ಒಂದ್ಸಲಾನೂ ಅವರನ್ನ ಕೇಳಿರ್ಲಿಲ್ಲ. ಮೇಲಿರೋ 'ಅಪ್ಪ ಚೆನ್ನಾಗಿದ್ದಾರೆ' ಮೇಲೆ ಪೆನ್ನಲ್ಲಿ ಗೆರೆ ಎಳೆದಿದೀನಿ.

ಅಲ್ಲಿ ಏನು ಬರೀಲಿ ಅಂತ ಕೇಳಿ, ಇರೋ ಕಾರ್ಡೆಲ್ಲ ಮಂಚದ ಮೇಲೆ ಹರಡಿದೀನಿ. ಒಂದೊಂದೇ ಎತ್ತಿ ನೋಡಿ ಕೆಳಗಿಡ್ತಿದಾರೆ. ಇನ್ನೂ ಯಾವುದೂ ಒಪ್ಪಿಗೆ ಆಗಿಲ್ಲ. ನಾನು ಏನೂ ಹೇಳ್ಕೊಡ್ತಿಲ್ಲ. ಜಾಗ ಬಿಟ್ಟಿದೀನಿ.

ಅಪ್ಪ ……………………